ಬಾಟಲಿಯೊಳಗಿನ ಗೆರೆ

ಏಪ್ರಿಲ್ ಕೊನೆಯ ವಾರ. ಅಯೋವಾದ ಹುಲ್ಲೆಲ್ಲ ಒಟ್ಟಿಗೇ ಎದ್ದಿದೆ.
ಆರ್ಡಿತ್ ವಾಂಡರ್‌ಪ್ಲೂಗ್‌ಳ ರಿಪೇರಿ ಅಂಗಡಿಯಲ್ಲಿ
ಹುಲ್ಲು ಕೊಯ್ಯುವ ಯಂತ್ರಗಳು ಹೊಟ್ಟೆ ತೆರೆದುಕೊಂಡು
ಸಾಲಾಗಿ ಮಲಗಿವೆ. ನನ್ನದೂ ಒಂದು.
ಹಗ್ಗ ಹದಿನೆಂಟು ಸಲ ಜಗ್ಗಿದೆ;
ಕೆಮ್ಮಿತೇ ಹೊರತು ಉಸಿರಾಡಲಿಲ್ಲ.

ಕಾರ್ಬ್ಯುರೇಟರಿನ ಬಟ್ಟಲು ಬಿಚ್ಚಿ ತೋರಿಸಿದಳು:
ತಳದಲ್ಲಿ ಹಸಿರು ಗಸಿ, ಉಪ್ಪಿನಂಥ ಬಿಳಿ ಪುಡಿ,
ಉಬ್ಬಿ ಬಿರುಕುಬಿಟ್ಟ ರಬ್ಬರಿನ ಬಳೆ,
ನೆನೆಹಾಕಿ ಮರೆತ ಹುಣಸೆ ಸಿಪ್ಪೆಯ ಹಾಗೆ.
"ಮುಸುಕಿನ ಜೋಳದ ಸಾರಾಯಿ," ಎಂದಳು.
"ನೀರೆಂದರೆ ಇದಕ್ಕೆ ಪ್ರಾಣ.
ಗಾಳಿಯಲ್ಲಿದ್ದ ಪಸೆಯನ್ನೂ ಕೈಹಿಡಿದು ಕರೆತರುತ್ತೆ.
ದಿನಾ ಓಡೋ ಕಾರಿಗೆ ಏನೂ ಆಗಲ್ಲ, ಕುಡಿದು ಮುಗಿಸುತ್ತೆ.
ನಿಂತವರಿಗೆ ಬರೋ ರೋಗ ಇದು."

ಆಮೇಲೆ ಅವಳ ಆಟ:
ಗೀಟು ಕೊರೆದ ಉದ್ದನೆ ಗಾಜಿನ ಬಾಟಲಿ,
ಹತ್ತರ ಗೀಟಿನವರೆಗೆ ನಲ್ಲಿಯ ನೀರು,
ನೂರರವರೆಗೆ ನನ್ನ ಪೆಟ್ರೋಲು.
ಕುಲುಕಿ, ಕುಲುಕಿ, ಕಿಟಕಿಯ ಬೆಳಕಿಗಿಟ್ಟಳು.
ಮಾತಿಲ್ಲದೆ ಕಾದೆವು, ಹಾಲು ಉಕ್ಕುವುದನ್ನು ಕಾಯುವವರಂತೆ.
ನೀರಿನ ಗೆರೆ ಹತ್ತೊಂಬತ್ತಕ್ಕೆ ಏರಿತ್ತು.
ಒಂಬತ್ತು ಗೀಟಿನಷ್ಟು ಸಾರಾಯಿ
ಎಣ್ಣೆಯ ಸಂಗ ತೊರೆದು ಕೆಳಗಿಳಿದು
ನೀರಿನ ಪಕ್ಷ ಸೇರಿತ್ತು.

ಆ ಒಂಬತ್ತು ಗೀಟು ನಾನೇ ಮಾಡಿದ್ದು
ಎಂದು ಹೇಳಲಿಲ್ಲ.

ರಾತ್ರಿಪಾಳಿ ನನ್ನದು, ಊರಾಚೆಯ ಸ್ಥಾವರದಲ್ಲಿ.
ಮೂರಂತಸ್ತಿನ ತೊಟ್ಟಿಗಳಲ್ಲಿ ಹಿಟ್ಟು ಹುದುಗೇಳುತ್ತದೆ;
ಯೀಸ್ಟಿಗೆ ಜ್ವರ ಬಂದರೆ ತಣಿಸಬೇಕು,
ಸಕ್ಕರೆ ಎಷ್ಟಿಳಿಯಿತು ಸಾರ ಎಷ್ಟೇರಿತು ಬರೆದಿಡಬೇಕು.
ಬೆಳಗಿನ ಜಾವ ಆವಿ ನೆಟ್ಟಗೆ ಏಳುವಾಗ
ಊರಿಡೀ ಅರೆಬೆಂದ ಬ್ರೆಡ್ಡಿನ ವಾಸನೆ.
ಉಳಿದ ಹಿಂಡಿ ಲಾರಿ ಹತ್ತಿ ದನಗಳಿಗೆ ಹೋಗುತ್ತದೆ.
ಎಣ್ಣೆಬಾವಿ ತೋಡಿದವರು ಯಾರೋ, ಯಾವ ಮರಳೋ;
ಈ ಜೋಳ ಬೆಳೆದವರ ಹೆಸರು ಮಾತ್ರ
ಇಡೀ ಊರು ಹೇಳಬಲ್ಲದು, ಅಡ್ಡಹೆಸರು ಸಮೇತ.

ಹಣ ಕೊಡಲು ಕೈಚಾಚಿದೆ. ಅವಳ ಮೂಗು ಅರಳಿತು.
"ನಿನ್ನ ತೋಳು ಹುಳಿ ಹುಳಿ. ಸ್ಥಾವರದವಳಾ?"
ತಲೆಯಾಡಿಸಿದೆ, ಕದ್ದು ಸಿಕ್ಕಿಬಿದ್ದವಳಂತೆ.
ಅವಳು ನಕ್ಕ ನಗೆಗೆ ಮೊಳೆಯ ಡಬ್ಬಿ ಝಣಗುಟ್ಟಿತು.
"ನನ್ನ ತಮ್ಮ ವರ್ಲಿನ್ ಜೋಳ ಸುರಿಯೋದು ನಿನ್ನ ಬಾಗಿಲಿಗೇ.
ಅವನ ಹೊಸ ಪಿಕಪ್ ನಿನ್ನಿಂದ.
ನೀನು ಕೆಡಿಸಿದ್ದನ್ನ ಬಿಚ್ಚಿ ಜೋಡಿಸಿ
ನನ್ನ ಛಾವಣಿಗೂ ಹೊಸ ತಗಡು ಬಂತು. ನೀನೇ ಹಾಕಿಸಿದ್ದು."

ಎತ್ತು ಏರಿಗೆ, ಕೋಣ ನೀರಿಗೆ ಅನ್ನುತ್ತಾರೆ ನಮ್ಮಲ್ಲಿ.
ಇಲ್ಲಿ ಎರಡೂ ಒಂದೇ ಗೋದಲಿಯಲ್ಲಿ ಮೇಯುತ್ತವೆ.

ಕುಡಿಯಲು ನೀರು ಕೇಳಿದೆ. ಕ್ಯಾನಿನಿಂದ ಬಗ್ಗಿಸಿದಳು.
"ನಲ್ಲಿದು ಬಾವಿ ನೀರು, ಬೇಡ. ಆ ಬಾಟಲಿಗಷ್ಟೇ ಸರಿ.
ಜೋಳಕ್ಕೆ ಉಣಿಸಿದ್ದೆಲ್ಲ ಅಲ್ಲಿಗೆ ಇಳಿದಿದೆ.
ಮೊಮ್ಮಗುವಿನ ಹಾಲುಪುಡಿಗೆ ಬೆರೆಸಬೇಡಿ ಅಂತ ಚೀಟಿ ಬಂದಿತ್ತು."
ಇದನ್ನೂ ಅದೇ ದನಿಯಲ್ಲಿ,
ಸ್ಪ್ಯಾನರ್ ಒರೆಸುತ್ತ.

ವಾಪಸ್ಸು ಬರುತ್ತ ಬಂಕಿನಲ್ಲಿ ನಿಲ್ಲಿಸಿದೆ.
ಕಾರಿಗೆ ನಮ್ಮದೇ ಮಾಲು: ಗ್ಯಾಲನ್ನಿಗೆ ಮೂವತ್ತು ಸೆಂಟ್ ಅಗ್ಗ,
ಮೈಲಿ ಒಂಚೂರು ಕಮ್ಮಿ.
ಉಳಿತಾಯ ಎಷ್ಟೆಂದು ಮೂರು ಸಲ ಲೆಕ್ಕ ಹಾಕಿದ್ದೇನೆ,
ಮೂರು ಬೇರೆ ಬೇರೆ ಉತ್ತರ.
ಮೂಲೆಯಲ್ಲಿ ಒಂಟಿ ಪಂಪು, ಬೆರಕೆಯಿಲ್ಲದ್ದು, ತುಟ್ಟಿ.
ಅಲ್ಲಿ ಸಾಲು.

ನನ್ನ ಮುಂದೆ ಕೆಂಪು ಕ್ಯಾನ್ ಹಿಡಿದ ಹೆಗಲಗಲದ ಗಂಡಸು,
ಆರ್ಡಿತ್‌ಳದೇ ಗದ್ದ, ಅವಳದೇ ಕಿವಿ,
ಟೋಪಿಯ ಮೇಲೆ ನಮ್ಮ ಸ್ಥಾವರದ ಹೆಸರು.
ತಿರುಗಿದ. ನನ್ನ ಎದೆಯ ಬಿಲ್ಲೆ ನೋಡಿದ.
"ದೋಣಿಗೆ," ಎಂದ, ನಾನು ಕೇಳದೆಯೇ.
"ಹುಲ್ಲಿಗೆ," ಎಂದೆ.
ಆಮೇಲೆ ಇಬ್ಬರೂ
ಓಡುವ ಅಂಕಿಗಳನ್ನೇ ನೋಡುತ್ತ ನಿಂತೆವು.